ಸೊನ್ನೆ ಬೇರೆ, ಖಾಲಿ ಬೇರೆ

ನಮ್ಮ ಪರಿಸರ ವಿಜ್ಞಾನಕ್ಕೆ ಮೊದಲು ಬೇಕಾದದ್ದು ನೆಟ್ಟಗೆ ಬರೆದ ಒಂದು ಕಿರ್ದಿ ಪುಸ್ತಕ. ಉಪಗ್ರಹ, ಡ್ರೋನು, ಆ್ಯಪ್ಪು ಎಲ್ಲ ಆಮೇಲೆ. ಹೀಗೆಂದರೆ ಜೊತೆಗೆ ಕೆಲಸ ಮಾಡುವವರು ನಗುತ್ತಾರೆ. ನಗಲಿ. ಪುಣೆಯಲ್ಲಿ ಒಂಬತ್ತು ವರ್ಷಗಳಿಂದ ನನ್ನ ಹೊಟ್ಟೆಪಾಡೇ ಬೇರೆಯವರು ಕಾಡಿನಿಂದ ತಂದ ಲೆಕ್ಕವನ್ನು ತೊಳೆದು ಒಣಗಿಸುವುದು. ಅದಕ್ಕೂ ಮೊದಲು ಬ್ಯಾಂಕುಗಳ ಡೇಟಾ ನೋಡುತ್ತಿದ್ದೆ. ಸಂಬಳ ಅರ್ಧಕ್ಕೆ ಇಳಿದರೂ ಸರಿ ಎಂದುಕೊಂಡು ಕಪ್ಪೆ, ಹಕ್ಕಿ, ಮರಗಳ ಡೇಟಾಕ್ಕೆ ಬಂದೆ. ಎರಡೂ ಕಡೆ ಕಂಡವನಾಗಿ ಹೇಳುತ್ತೇನೆ: ಬ್ಯಾಂಕಿನ ಲೆಕ್ಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಆ ರಾತ್ರಿ ಯಾರೂ ಮನೆಗೆ ಹೋಗುವಂತಿಲ್ಲ. ಕಾಡಿನ ಲೆಕ್ಕದಲ್ಲಿ ಒಂದು ಪ್ರಭೇದವೇ ಕಾಣೆಯಾದರೂ ಯಾರೂ ಒಂದು ಹೊತ್ತಿನ ಊಟ ಬಿಡುವುದಿಲ್ಲ.

ಸಮಸ್ಯೆಯ ಬೇರು ಎಷ್ಟು ಚಿಕ್ಕದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಹ್ಯಾದ್ರಿಯ ಒಂದು ಹಳ್ಳದ ಬದಿಯಲ್ಲಿ ಇನ್ನೂರು ಮೀಟರ್ ಉದ್ದದ ಗೆರೆ ಗುರುತು ಮಾಡಿಕೊಂಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಂದು ರಾತ್ರಿ ಟಾರ್ಚ್ ಹಿಡಿದು ಕಪ್ಪೆ ಎಣಿಸುತ್ತೀರಿ ಎಂದಿಟ್ಟುಕೊಳ್ಳಿ. ಒಂದು ವಾರ ಹೋದಿರಿ, ಗಂಟೆಗಟ್ಟಲೆ ಹುಡುಕಿದಿರಿ, ಒಂದೂ ಕಾಣಲಿಲ್ಲ. ಅದು ಸೊನ್ನೆ. ಮುಂದಿನ ವಾರ ಹಳ್ಳ ತುಂಬಿ ದಾಟಲಾಗಲಿಲ್ಲ, ಹೋಗಲೇ ಇಲ್ಲ. ಅದು ಖಾಲಿ. ಸೊನ್ನೆ ಎಂದರೆ ‘ನೋಡಿದೆ, ಕಾಣಲಿಲ್ಲ’. ಖಾಲಿ ಎಂದರೆ ‘ನೋಡಲಿಲ್ಲ’. ಮನೆ ಬಾಗಿಲು ತಟ್ಟಿ ‘ಯಾರೂ ಇಲ್ಲ’ ಅನ್ನುವುದಕ್ಕೂ, ಆ ಬೀದಿಗೇ ಹೋಗದೆ ‘ಯಾರೂ ಇಲ್ಲ’ ಅನ್ನುವುದಕ್ಕೂ ಇರುವಷ್ಟು ಅಂತರ ಅದು. ಮೂರನೇ ತರಗತಿಯ ಮಗುವಿಗೂ ತಿಳಿಯುವ ಈ ಅಂತರ ನಮ್ಮ ಸಂಶೋಧನೆಯ ಹಾಳೆಗಳಲ್ಲಿ ದಿನವೂ ಅಳಿಸಿಹೋಗುತ್ತಿದೆ. ಯಾರೋ ಖಾಲಿ ಜಾಗಗಳನ್ನೆಲ್ಲ ಒಂದೇ ಒತ್ತಿಗೆ ಸೊನ್ನೆಯಿಂದ ತುಂಬುತ್ತಾರೆ. ಇಲ್ಲದ ಕುಸಿತ ಹುಟ್ಟುತ್ತದೆ. ಇನ್ಯಾರೋ ‘ಸೊನ್ನೆಯಿಂದ ಏನು ಉಪಯೋಗ’ ಎಂದು ಆ ಸಾಲುಗಳನ್ನೇ ತೆಗೆದುಹಾಕುತ್ತಾರೆ; ಇದ್ದ ಕುಸಿತ ಮಾಯವಾಗುತ್ತದೆ. ಎರಡೂ ಸಂದರ್ಭದಲ್ಲಿ ಗ್ರಾಫ್ ಮಾತ್ರ ಅಂದವಾಗಿ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾ ಸಂಸ್ಥೆ ಹನ್ನೊಂದು ವರ್ಷಗಳ ಕಪ್ಪೆ ಲೆಕ್ಕವನ್ನು ನನ್ನ ಕೈಗೆ ಕೊಟ್ಟು ‘ಹದಿನೈದು ದಿನದಲ್ಲಿ ಶುದ್ಧ ಮಾಡಿ ಕೊಡಿ’ ಎಂದಿತು. ಮಧ್ಯದ ಮೂರು ಮಳೆಗಾಲಗಳ ಸಾಲು ಸಾಲೇ ಸೊನ್ನೆ. ಬರೆದ ವಿದ್ಯಾರ್ಥಿ ಪಿಎಚ್.ಡಿ. ಮುಗಿಸಿ ವಿದೇಶ ಸೇರಿದ್ದ. ಮೂಲ ನೋಟ್‌ಬುಕ್ ಎಲ್ಲಿದೆ ಎಂದರೆ ಒಬ್ಬರ ಮುಖ ಇನ್ನೊಬ್ಬರು ನೋಡಿದರು. ಕೊನೆಗೆ ಉತ್ತರ ಸಿಕ್ಕಿದ್ದು ಊರಿನ ಕ್ಷೇತ್ರ ಸಹಾಯಕರಿಂದ. ಹನ್ನೊಂದು ವರ್ಷವೂ ಹಳ್ಳದಲ್ಲಿ ನಡೆದದ್ದು ಅವರೊಬ್ಬರೇ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: ‘ಆ ವರ್ಷಗಳಲ್ಲಿ ದುಡ್ಡು ಬಂದಿರಲಿಲ್ಲವಲ್ಲ ಸರ್, ನಾವು ಹೋಗಲೇ ಇಲ್ಲ.’ ಅಂದರೆ ಆ ಸೊನ್ನೆಗಳೆಲ್ಲ ಖಾಲಿ. ಅದೇ ಸೊನ್ನೆಗಳ ಮೇಲೆ ಸಂಸ್ಥೆ ಆಗಲೇ ಒಂದು ವರದಿಯನ್ನೂ ತಂದಾಗಿತ್ತು, ಕಪ್ಪೆಗಳು ನಶಿಸುತ್ತಿವೆ ಎಂದು. ಇದನ್ನು ಬರೆದು ತಿಳಿಸಿದೆ. ‘ಈಗ ಅದನ್ನೆಲ್ಲ ಕೆದಕುವುದು ಬೇಡ’ ಎಂಬ ಉತ್ತರ ಬಂತು. ವರದಿಯಲ್ಲಿ ಆ ಸಹಾಯಕರ ಹೆಸರು ಎಲ್ಲೂ ಇಲ್ಲ. ಹನ್ನೊಂದು ವರ್ಷದಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಿಯೂ ಇಲ್ಲ.

ಇದನ್ನು ಒಂದು ಸಂಸ್ಥೆಯ ಅಸಡ್ಡೆ ಎಂದು ತಳ್ಳಿಹಾಕುವಂತಿಲ್ಲ. ಕಾಡಿಗೆ ಹೋಗಿ ಎಣಿಸುವುದು ಕೂಲಿ ಕೆಲಸ, ಊರಿಗೆ ಬಂದು ಬರೆಯುವುದು ವಿಜ್ಞಾನ ಎಂಬ ಮೇಲು ಕೀಳು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಲೆಕ್ಕದ ಗುಣಮಟ್ಟ ಕೆಡುವುದು ಅಲ್ಲಿಂದಲೇ.

ಲೆಕ್ಕ ಇಡುವುದು ನಮಗೆ ಬರುವುದಿಲ್ಲವೇ? ಬರುತ್ತದೆ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಹಳೆಯ ಕಾಫಿ ತೋಟದ ಮನೆಗೆ ಹೋಗಿ ಮಳೆ ಪುಸ್ತಕ ಕೇಳಿ ನೋಡಿ. ಅಜ್ಜ ಬರೆದದ್ದು, ಅಪ್ಪ ಬರೆದದ್ದು, ಈಗ ಮೊಮ್ಮಗಳು ಬರೆಯುತ್ತಿರುವುದು, ಇಂಚು, ಸೆಂಟು. ಒಂದೇ ಜಾಗದ ಮಾಪಕ, ಬೆಳಗಿನ ಒಂದೇ ಹೊತ್ತು. ಮಳೆ ಬಾರದ ದಿನ ಬಾರದು ಎಂದೇ ಬರೆಯುತ್ತಾರೆ. ಮನೆಯವರೆಲ್ಲ ಮದುವೆಗೆ ಹೋಗಿ ಅಳೆಯದಿದ್ದರೆ ಅದನ್ನೂ ಬರೆದಿಡುತ್ತಾರೆ. ಯಾಕೆಂದರೆ ಹೂಮಳೆ ತಪ್ಪಿದರೆ ಆ ವರ್ಷದ ಫಸಲು ತಪ್ಪುತ್ತದೆ, ಲೆಕ್ಕ ಸುಳ್ಳಾದರೆ ಕೆಡುವುದು ಅವರದೇ ಬದುಕು. ಲೆಕ್ಕದ ಶುದ್ಧಿಗೆ ಪದವಿ ಬೇಕಿಲ್ಲ. ಲೆಕ್ಕ ತಪ್ಪಿದರೆ ನೋವು ತನಗೇ ತಟ್ಟುತ್ತದೆ ಎನ್ನುವ ಅರಿವು ಬೇಕು. ಕಪ್ಪೆಯ ಲೆಕ್ಕ ತಪ್ಪಿದರೆ ಕಪ್ಪೆಗೆ ಮಾತ್ರ ತಟ್ಟುತ್ತದೆ. ಅದು ದೂರು ಕೊಡುವುದಿಲ್ಲ.

ಕೆಲವೊಮ್ಮೆ ಇಡೀ ದೇಶಕ್ಕೇ ತಟ್ಟುವುದೂ ಉಂಟು. ರಾಜಸ್ಥಾನದ ಸರಿಸ್ಕಾದ ಸಂಗತಿ ನೆನಪಿಸಿಕೊಳ್ಳಿ. 2004ರ ಸರ್ಕಾರಿ ಲೆಕ್ಕದಲ್ಲಿ ಅಲ್ಲಿ ಹದಿನೈದಕ್ಕೂ ಹೆಚ್ಚು ಹುಲಿಗಳಿದ್ದವು. 2005ರ ಆರಂಭದಲ್ಲಿ ಹುಡುಕಿದರೆ ಒಂದೂ ಇರಲಿಲ್ಲ. ಕಳ್ಳಬೇಟೆಯವರು ಎಲ್ಲವನ್ನೂ ಮುಗಿಸಿದ್ದರು, ಕಾಗದದ ಮೇಲೆ ಮಾತ್ರ ಹುಲಿಗಳು ಸುಖವಾಗಿದ್ದವು. ಆಗ ಚಾಲ್ತಿಯಲ್ಲಿದ್ದದ್ದು ಹೆಜ್ಜೆ ಗುರುತಿನ ಎಣಿಕೆ: ಗುರುತಿನ ಮೇಲೆ ಗಾಜಿಟ್ಟು ನಕಲು ತೆಗೆಯುವುದು, ಪ್ಲಾಸ್ಟರ್ ಅಚ್ಚು ಹೊಯ್ಯುವುದು, ಆಮೇಲೆ ಅನುಭವಸ್ಥರು ಕೂತು ‘ಇದು ಬೇರೆ ಹುಲಿ, ಇದು ಅದೇ ಹುಲಿ’ ಎಂದು ತೀರ್ಮಾನಿಸುವುದು. ಈ ಪದ್ಧತಿ ನಂಬಲರ್ಹವಲ್ಲ ಎಂದು ಉಲ್ಲಾಸ ಕಾರಂತರು 1980ರ ದಶಕದಿಂದಲೇ ಹೇಳುತ್ತಿದ್ದರು. ಮಣ್ಣು ಮೆತ್ತಗಿದ್ದರೆ ಒಂದು ಅಳತೆ, ಗಟ್ಟಿಯಿದ್ದರೆ ಇನ್ನೊಂದು. ಸೆರೆಯಲ್ಲಿದ್ದ ಕೆಲವೇ ಹುಲಿಗಳ ಹೆಜ್ಜೆಯ ನಕಲುಗಳನ್ನು ಅನುಭವಸ್ಥರ ಮುಂದಿಟ್ಟರೆ ಅವರಿಗೂ ಸರಿಯಾದ ಸಂಖ್ಯೆ ಹೇಳಲಾಗಲಿಲ್ಲ. ಯಾರೂ ಕಿವಿಗೊಡಲಿಲ್ಲ. ವರ್ಷಕ್ಕಿಷ್ಟು ಹುಲಿ ಹೆಚ್ಚಾಗಬೇಕು ಎಂಬುದು ಮೇಲಿನವರ ನಿರೀಕ್ಷೆ. ಕೆಳಗಿನವರು ಅದನ್ನು ನೆರವೇರಿಸಿದರು. ನಾಲ್ಕು ಹುಲಿ ಕಡಿಮೆಯಾದವು ಎಂದು ಬರೆದ ಗಾರ್ಡ್‌ಗೆ ಸಿಗುವುದು ನೋಟಿಸು. ಹಾಗಿರುವಾಗ ಅವನು ಏನು ಬರೆದಾನು?

2001–02ರಲ್ಲಿ ದೇಶದಲ್ಲಿ 3642 ಹುಲಿ ಎಂದರು. ಕ್ಯಾಮೆರಾ ಆಧಾರದ ಹೊಸ ವಿಧಾನದ 2006ರ ಅಂದಾಜು 1411. ಪತ್ರಿಕೆಗಳು ‘ಹುಲಿ ಸಂತತಿ ಅರ್ಧಕ್ಕೂ ಕಡಿಮೆ’ ಎಂದು ಬರೆದವು. ಅರ್ಧಕ್ಕಿಳಿಯಿತೋ, ಮೊದಲ ಸಂಖ್ಯೆಯೇ ಪೊಳ್ಳೋ? ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ್ದನ್ನು ಕಳೆದು ವ್ಯತ್ಯಾಸ ಹೇಳಲು ಬರುವುದಿಲ್ಲ. ಮೂರು ದಶಕಗಳ ಹುಲಿ ಇತಿಹಾಸವನ್ನು ನಾವು ಹೀಗೆ ಕಳೆದುಕೊಂಡೆವು. ಎಣಿಸಿದ್ದೆವು, ಆದರೂ ಗೊತ್ತಿಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ, ಒಪ್ಪೋಣ. ಪ್ರತಿ ಹುಲಿಯ ಪಟ್ಟೆಯೂ ಬೇರೆ. ಅದನ್ನೇ ಗುರುತಿನ ಚೀಟಿ ಮಾಡಿಕೊಂಡು, ಎಷ್ಟು ಹುಲಿ ಕ್ಯಾಮೆರಾಕ್ಕೆ ಮತ್ತೆ ಸಿಕ್ಕವು ಎಂಬುದರಿಂದ ಸಿಗದೇ ಉಳಿದವೆಷ್ಟು ಎಂದು ಅಂದಾಜಿಸುವ ವಿಧಾನ ಕಾರಂತರ ತಂಡದಿಂದ ನಾಗರಹೊಳೆಯಲ್ಲೇ 1990ರ ದಶಕದಲ್ಲಿ ಗಟ್ಟಿಗೊಂಡಿತು. 2018ರ ದೇಶವ್ಯಾಪಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ಸುಮಾರು ಮೂರೂವರೆ ಕೋಟಿ ಚಿತ್ರ ತೆಗೆದರು, ಗಿನ್ನೆಸ್ ದಾಖಲೆಯೂ ಆಯಿತು. ಆದರೆ ದಾಖಲೆ ಮಾಡುವುದೂ ದಾಖಲೆ ತೋರಿಸುವುದೂ ಒಂದೇ ಅಲ್ಲ. ಮೂಲ ದತ್ತಾಂಶ ಸ್ವತಂತ್ರ ವಿಜ್ಞಾನಿಗಳ ಕೈಗೆ ಮುಕ್ತವಾಗಿ ಸಿಗುತ್ತಿಲ್ಲ ಎಂಬ ಟೀಕೆ ವರ್ಷಗಳಿಂದ ಇದೆ. 2022ರ ಅಂದಾಜನ್ನೇ ನೋಡಿ: ಕನಿಷ್ಠ 3167, ಗರಿಷ್ಠ 3925, ಸರಾಸರಿ 3682. ಟಿವಿಯಲ್ಲಿ ಬಂದದ್ದು ಒಂದೇ ಅಂಕಿ. ನಡುವಿನ ಏಳುನೂರಕ್ಕೂ ಹೆಚ್ಚಿನ ಅನಿಶ್ಚಿತತೆಯನ್ನು ಮರ್ಯಾದೆಗೇಡು ಎಂಬಂತೆ ಮುಚ್ಚಿಟ್ಟರು. ಹೀಗೆ ಅಂತರವನ್ನು ಹೇಳುವುದೇ ವಿಜ್ಞಾನದ ಮರ್ಯಾದೆ ಎಂದು ಯಾರು ಯಾರಿಗೆ ಹೇಳಬೇಕು?

ಇದು ನಮ್ಮ ಸರ್ಕಾರದ ರೋಗ ಮಾತ್ರ, ಅಮೆರಿಕದಲ್ಲಿ ಹೀಗಿಲ್ಲ ಎಂದುಕೊಳ್ಳುವವರಿಗೆ ಜೇಡಗಳ ಕತೆ ಹೇಳುತ್ತೇನೆ. ಜೊನಾಥನ್ ಪ್ರುಯಿಟ್ ಜೇಡಗಳ ಸ್ವಭಾವದ ಮೇಲಿನ ಸಂಶೋಧನೆಗೆ ಹೆಸರಾಗಿದ್ದವರು. 2020ರಲ್ಲಿ, ಅವರು ಕೊಟ್ಟ ಅಂಕಿಗಳ ಮೇಲೆ ಪ್ರಬಂಧ ಬರೆದಿದ್ದ ಕೇಟ್ ಲಾಸ್ಕೋವ್ಸ್ಕಿ ಆ ಹಾಳೆಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಬೇರೆ ಬೇರೆ ಜೇಡಗಳ ಅಳತೆಯಲ್ಲಿ ಅದೇ ಅಂಕಿಗಳು ಅದೇ ಸಾಲಿನಲ್ಲಿ ಮರುಕಳಿಸುತ್ತಿದ್ದವು. ಆಕೆ ತನ್ನ ಹೆಸರಿದ್ದ ಪ್ರಬಂಧಗಳನ್ನೇ ಹಿಂತೆಗೆದುಕೊಂಡರು. ಆಮೇಲೆ ಹತ್ತಕ್ಕೂ ಹೆಚ್ಚು ಪ್ರಬಂಧಗಳು ಬಿದ್ದವು. ಇಲ್ಲಿ ಗಮನಿಸಬೇಕಾದದ್ದು ಮೋಸವನ್ನಲ್ಲ, ಅದು ಸಿಕ್ಕಿಬಿದ್ದ ಬಗೆಯನ್ನು. ಮೂಲ ಅಂಕಿಗಳು ಸಾರ್ವಜನಿಕ ಭಂಡಾರದಲ್ಲಿ ಇದ್ದುದರಿಂದ ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಆ ಜೇಡಗಳು ಇವತ್ತಿಗೂ ಪಠ್ಯಪುಸ್ತಕದಲ್ಲಿ ಓಡಾಡುತ್ತಿದ್ದವು.

ಬೀರುವಿನಲ್ಲಿಟ್ಟದ್ದು ಏನಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ. ಟಿಮ್ ವೈನ್ಸ್ ಮತ್ತು ಸಂಗಡಿಗರು ಗಿಡ, ಪ್ರಾಣಿಗಳ ಅಳತೆಯ ಕುರಿತ 516 ಪ್ರಬಂಧಗಳನ್ನು ಹಿಡಿದು, ಬರೆದವರಿಗೆ ಪತ್ರ ಹಾಕಿ ಮೂಲ ಡೇಟಾ ಕೇಳಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಇದು: ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ಅದರ ಡೇಟಾ ಉಳಿದಿರುವ ಸಂಭವ 17 ಶೇಕಡಾ ದರದಲ್ಲಿ ಇಳಿಯುತ್ತ ಹೋಗುತ್ತದೆ. ಹಳೆಯ ಫ್ಲಾಪಿ, ಸತ್ತ ಹಾರ್ಡ್‌ಡಿಸ್ಕ್, ಬದಲಾದ ಇಮೇಲ್ ವಿಳಾಸ. ಹೊಳೆಯ ನೀರು, ಕಾಡಿನ ಮರ ಇವನ್ನಾದರೂ ಕಾಯುವವರಿದ್ದಾರೆ. ಅವುಗಳ ಲೆಕ್ಕವನ್ನು ಕಾಯುವವರಿಲ್ಲ.

ಇನ್ನು ಚಿಲ್ಲರೆ ತಪ್ಪುಗಳು. ಚಿಲ್ಲರೆ ಎಂದೆ, ಆದರೆ ನನ್ನ ಅರ್ಧ ಆಯುಷ್ಯ ಹೋಗುವುದು ಇವುಗಳಲ್ಲೇ. 03/04 ಎಂದರೆ ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ? ನಮ್ಮ ಹುಡುಗರು ಒಂದು ಥರ ಬರೆಯುತ್ತಾರೆ, ಕಂಪ್ಯೂಟರು ಇನ್ನೊಂದು ಥರ ಓದುತ್ತದೆ. ಎಕ್ಸೆಲ್ ತನ್ನಷ್ಟಕ್ಕೆ ಜೀನ್‌ಗಳ ಹೆಸರನ್ನು ತಾರೀಖಾಗಿ ತಿರುಚುವ ಕಾಟ ತಾಳಲಾರದೆ, 2020ರ ಹೊತ್ತಿಗೆ ವಿಜ್ಞಾನಿಗಳು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಅಕ್ಷಾಂಶ, ರೇಖಾಂಶಗಳನ್ನು ಅದಲುಬದಲು ಮಾಡಿದರೆ ಪುಣೆಯ ಹಕ್ಕಿ ನಾರ್ವೆಗೂ ಉತ್ತರದ ಕರಡಿ ದ್ವೀಪದ ಬಳಿಯ ಸಮುದ್ರದಲ್ಲಿ ಈಜುತ್ತಿರುತ್ತದೆ. ಎರಡನ್ನೂ ಬರೆಯದೆ ಬಿಟ್ಟು, ಆ ಜಾಗವನ್ನು ಕಂಪ್ಯೂಟರು ಸೊನ್ನೆ ಎಂದು ಓದಿದರೆ ಅದೇ ಹಕ್ಕಿ ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿಗೆ ಬೀಳುತ್ತದೆ. ಮತ್ತೆ ಅದೇ ಸೊನ್ನೆ, ಅದೇ ಖಾಲಿ. ಇಂಥವು ನಗು ತರಿಸುತ್ತವೆ, ಸಿಕ್ಕಿಬೀಳುತ್ತವೆ. ಭಯ ಸಿಕ್ಕಿಬೀಳದವುಗಳದು. ಪುಣೆಯದು ಎಂದು ಬರೆದ ಹಕ್ಕಿ ನಿಜಕ್ಕೂ ಸಾತಾರಾದಲ್ಲಿ ಕಂಡದ್ದಾಗಿದ್ದರೆ ಯಾವ ಪ್ರೋಗ್ರಾಮೂ ಹಿಡಿಯಲಾರದು.

ಇಷ್ಟಕ್ಕೆ ವಿಜ್ಞಾನಿಗಳನ್ನಷ್ಟೇ ಬೈದು ಮುಗಿಸುವಂತಿಲ್ಲ. ಗಡುವಿನ ಕತೆಯನ್ನೂ ಕೇಳಬೇಕು. ಊರೂರಿನ ಗಿಡಮರ, ಪ್ರಾಣಿ, ತಳಿ, ನಾಟಿ ಜ್ಞಾನ ಎಲ್ಲವನ್ನೂ ಊರಿನವರೇ ಕೂತು ಬರೆದಿಡಬೇಕೆಂಬುದು ಜನತಾ ಜೀವವೈವಿಧ್ಯ ದಾಖಲಾತಿಯ ಆಶಯ. ಮಾಧವ ಗಾಡ್ಗೀಳರಂಥವರು ಬೆಳೆಸಿದ, 2002ರ ಜೀವವೈವಿಧ್ಯ ಕಾಯ್ದೆಯ ಅಡಿ ಬಂದ ಒಳ್ಳೆಯ ವಿಚಾರ. ವರ್ಷಗಟ್ಟಲೆ ರಾಜ್ಯಗಳು ಮಲಗಿದ್ದವು. 2019ರಲ್ಲಿ ಹಸಿರು ನ್ಯಾಯಮಂಡಳಿ 2020ರ ಜನವರಿ 31ರೊಳಗೆ ಮುಗಿಸಿ, ತಪ್ಪಿದರೆ ತಿಂಗಳಿಗೆ ಹತ್ತು ಲಕ್ಷ ದಂಡ ಎಂದಿತು. ಒಮ್ಮೆಲೇ ದೇಶದ ತುಂಬ ಪುಸ್ತಕಗಳು ಸಿದ್ಧವಾದವು, ಲಕ್ಷಗಳ ಲೆಕ್ಕದಲ್ಲಿ. ಒಂದು ಊರಿನ ಹಕ್ಕಿಗಳನ್ನು ಸರಿಯಾಗಿ ತಿಳಿಯಲು ಎರಡು ಋತುವಾದರೂ ಬೇಕು. ತಿಂಗಳೊಪ್ಪತ್ತಿನಲ್ಲಿ ಆಗುವುದು ಪಕ್ಕದ ಊರಿನ ಪಟ್ಟಿಯ ನಕಲು ಮಾತ್ರ. ಗಣಿ, ಅಣೆಕಟ್ಟುಗಳಿಗೆ ಬರೆಯುವ ಪರಿಸರ ಪರಿಣಾಮ ವರದಿಗಳ ಪಾಡೂ ಇದೇ. ರತ್ನಾಗಿರಿ ಜಿಲ್ಲೆಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯಿಂದ ಎತ್ತಿದ ಭಾಗಗಳು ಸಿಕ್ಕಿದ್ದವು. ಕೊಂಕಣದ ಮಾವಿನ ತೋಪಿನ ಭವಿಷ್ಯವನ್ನು ರಷ್ಯಾದ ಕಾಡು ನೋಡಿ ನಿರ್ಧರಿಸುವುದು! ಇಂಥ ಕಾಗದಗಳ ಮೇಲೆಯೇ ಸಹಿ ಬೀಳುತ್ತದೆ, ಬುಲ್ಡೋಜರ್ ಬರುತ್ತದೆ. ಡೇಟಾದ ಗುಣಮಟ್ಟ ಪಂಡಿತರ ಮಡಿ ಮೈಲಿಗೆಯ ವಿಚಾರ ಎಂದುಕೊಂಡವರು ಇದನ್ನು ನೆನಪಿಟ್ಟುಕೊಳ್ಳಲಿ.

ಈಗ ನಮ್ಮ ಬುಡಕ್ಕೆ ಬರೋಣ. ಮುಂಬೈ, ಹೈದರಾಬಾದು, ದೆಹಲಿಯ ಫ್ಲ್ಯಾಟುಗಳಲ್ಲಿ ಕೂತು ಊರಿನ ಗುಬ್ಬಚ್ಚಿಗಾಗಿ ಹಂಬಲಿಸುವ ನಮ್ಮ ಬುಡಕ್ಕೆ. ಪ್ರತಿ ಮಾರ್ಚ್ 20ರಂದು ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅದೇ ಸಂದೇಶ: ಮೊಬೈಲ್ ಟವರಿನಿಂದ ಗುಬ್ಬಚ್ಚಿ ಅಳಿಯಿತು. ದೇಶದ ಸಾವಿರಾರು ಹಕ್ಕಿ ವೀಕ್ಷಕರು ಇ-ಬರ್ಡ್‌ನಲ್ಲಿ ಬರೆದ ಒಂದು ಕೋಟಿಗೂ ಹೆಚ್ಚು ದಾಖಲೆಗಳನ್ನು ಸೋಸಿ 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳಿದ್ದೇ ಬೇರೆ. ಗುಬ್ಬಚ್ಚಿ ಒಟ್ಟಾರೆ ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಕಡಿಮೆಯಾಗಿರುವುದು ಮಹಾನಗರಗಳಲ್ಲಿ. ಟವರಿನ ವಿಕಿರಣವೇ ಕಾರಣ ಎನ್ನಲು ಆಧಾರವಿಲ್ಲ. ಅಂದರೆ ಗುಬ್ಬಚ್ಚಿ ಇಲ್ಲವಾದದ್ದು ನಾವಿರುವಲ್ಲಿ. ಅಷ್ಟನ್ನೇ ನಾವು ‘ಲೋಕದಿಂದಲೇ ಹೋಯಿತು’ ಎಂದು ಬರೆದುಕೊಂಡೆವು. ನೋಡದ ಊರಿನ ಖಾಲಿ ಜಾಗದಲ್ಲಿ ನಮ್ಮ ಹಳಹಳಿಕೆಯ ಸೊನ್ನೆಯನ್ನು ತುಂಬಿದೆವು. ಅದೇ ವರದಿ ಕುಸಿಯುತ್ತಿವೆ ಎಂದು ತೋರಿಸಿದ ಹದ್ದು, ರಣಹದ್ದು, ಹುಲ್ಲುಗಾವಲಿನ ಹಕ್ಕಿಗಳಿಗೆ ನಮ್ಮ ಗುಂಪಿನಲ್ಲಿ ಒಂದು ಸಂದೇಶವೂ ಬಂದಿಲ್ಲ.

ಆ ವರದಿ ಸಾಧ್ಯವಾದದ್ದು ಹೇಗೆ? ಹವ್ಯಾಸಿಗಳು ಎಷ್ಟು ಹೊತ್ತು ನೋಡಿದೆವು, ಎಷ್ಟು ದೂರ ನಡೆದೆವು, ಕಂಡ ಹಕ್ಕಿಗಳನ್ನೆಲ್ಲ ಬರೆದೆವೋ ಚಂದದವನ್ನು ಮಾತ್ರ ಬರೆದೆವೋ ಎಂದು ಪ್ರತಿ ಪಟ್ಟಿಯಲ್ಲೂ ತಿಳಿಸಿದ್ದರಿಂದ. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಗುಬ್ಬಚ್ಚಿ ಇಲ್ಲದಿದ್ದರೆ ಅದು ನಿಜವಾದ ಸೊನ್ನೆ. ಸಂಬಳವಿಲ್ಲದ ಜನ ಪಾಲಿಸಿದ ಶಿಸ್ತು ಇದು. ಅನುದಾನ ಪಡೆದವರಿಗೆ ಯಾಕೆ ಆಗುವುದಿಲ್ಲ?

ಆಕ್ಷೇಪಗಳು ಗೊತ್ತು. ‘ಮೊದಲು ಕಾಡು ಉಳಿಸೋಣ, ಲೆಕ್ಕ ಆಮೇಲೆ’ ಎನ್ನುತ್ತಾರೆ. ಯಾವ ಕಾಡನ್ನು, ಯಾರಿಂದ, ಎಷ್ಟು ತುರ್ತಾಗಿ ಎಂದು ಲೆಕ್ಕವಿಲ್ಲದೆ ಹೇಗೆ ತಿಳಿಯುತ್ತೀರಿ? ಒಮ್ಮೆ ಸುಳ್ಳು ಕುಸಿತ ತೋರಿಸಿ ಸಿಕ್ಕಿಬಿದ್ದರೆ, ಮುಂದಿನ ನಿಜವಾದ ಕುಸಿತವನ್ನೂ ಗಣಿಯ ವಕೀಲ ಅದೇ ಕಾಗದ ಎತ್ತಿ ಹಿಡಿದು ಹೊಡೆದುಹಾಕುತ್ತಾನೆ. ‘ಡೇಟಾ ತೆರೆದಿಟ್ಟರೆ ಕಳ್ಳಬೇಟೆಯವರಿಗೆ ದಾರಿ ತೋರಿಸಿದಂತೆ’ ಎನ್ನುತ್ತಾರೆ. ಇದು ತೂಕವಿರುವ ಮಾತು. ಅದಕ್ಕೇ ಇ-ಬರ್ಡ್ ಸೂಕ್ಷ್ಮ ಪ್ರಭೇದಗಳ ನಿಖರ ಜಾಗವನ್ನು ಮರೆಮಾಡುತ್ತದೆ. ಗೂಡಿನ ಜಾಗ ಮುಚ್ಚಿಡಿ. ಎಣಿಸಿದ ವಿಧಾನವನ್ನೂ ಹಾಕಿದ ಶ್ರಮವನ್ನೂ ಯಾಕೆ ಮುಚ್ಚಿಡುತ್ತೀರಿ? ‘ಈಗಿನ ಸಂಖ್ಯಾಶಾಸ್ತ್ರ ಎಲ್ಲ ಸರಿ ಮಾಡುತ್ತದೆ’ ಎನ್ನುತ್ತಾರೆ ಇನ್ನು ಕೆಲವರು. ಕಣ್ಣಿಗೆ ಬೀಳದ ಪ್ರಾಣಿಯನ್ನು ಲೆಕ್ಕಕ್ಕೆ ತರುವ ವಿಧಾನಗಳಿವೆ, ನಿಜ. ಆದರೆ ಅವುಗಳಿಗೆ ಮೊದಲು ಬೇಕಾಗಿರುವುದೇ ನೋಡಿದೆ–ನೋಡಲಿಲ್ಲ ಎಂಬ ಪ್ರಾಮಾಣಿಕ ಗುರುತು. ಅಕ್ಕಿಯಲ್ಲಿ ಕಲ್ಲು ಬಿಟ್ಟು ಒಳ್ಳೆಯ ಕುಕ್ಕರ್ ಕೊಂಡರೆ ಆಗುವುದು ಬೆಂದ ಕಲ್ಲು.

‘ದುಡ್ಡಿಲ್ಲ’ ಎಂಬ ಮಾತಿಗೆ ಮಾತ್ರ ನನಗೆ ಕೋಪ ಬರುತ್ತದೆ. ಡ್ರೋನಿಗೆ ದುಡ್ಡಿದೆ, ಪಂಚತಾರಾ ಹೋಟೆಲಿನ ಕಾರ್ಯಾಗಾರಕ್ಕೆ ದುಡ್ಡಿದೆ. ಲೆಕ್ಕ ನೋಡಿಕೊಳ್ಳುವ ಒಬ್ಬರ ಸಂಬಳಕ್ಕೆ, ಹಳ್ಳದಲ್ಲಿ ನಡೆಯುವ ಸಹಾಯಕರ ರೇನ್‌ಕೋಟಿಗೆ ಇಲ್ಲ.

ಹಾಗಾದರೆ ಆಗಬೇಕಾದದ್ದೇನು? ಪಟ್ಟಿ ಉದ್ದವಿಲ್ಲ. ಪ್ರತಿ ಸಾಲಿನಲ್ಲೂ ಯಾರು ನೋಡಿದ್ದು, ಎಷ್ಟು ಹೊತ್ತು ನೋಡಿದ್ದು ಎಂದಿರಬೇಕು. ಹೋಗದ ದಿನಕ್ಕೆ ಹೋಗಲಿಲ್ಲ ಎಂದೂ, ಯಾಕೆ ಎಂದೂ ಬರೆಯಬೇಕು. ತಾರೀಖನ್ನು ವರ್ಷ, ತಿಂಗಳು, ದಿನ ಎಂದು ಒಂದೇ ಕ್ರಮದಲ್ಲಿ ಬರೆಯಬೇಕು. ಮೂಲ ಹಾಳೆಯನ್ನು ಮುಟ್ಟಬಾರದು. ತಿದ್ದುವುದಿದ್ದರೆ ಪ್ರತಿ ಮಾಡಿಕೊಂಡು, ಏನು ತಿದ್ದಿದೆವು ಎಂದು ಬರೆದಿಟ್ಟು ತಿದ್ದಬೇಕು. ವಾಚರ್ ಹೇಳಿದ ಕನ್ನಡದ ಹೆಸರನ್ನೋ ಮರಾಠಿ ಹೆಸರನ್ನೋ ಅವರು ಹೇಳಿದಂತೆಯೇ ಒಂದು ಕಾಲಂನಲ್ಲಿ ಉಳಿಸಿ, ವೈಜ್ಞಾನಿಕ ಹೆಸರನ್ನು ಪಕ್ಕದಲ್ಲಿ ಬರೆಯಬೇಕು. ನಾಳೆ ಗುರುತು ತಪ್ಪೆಂದು ತಿಳಿದರೆ ಹಿಂತಿರುಗಲು ಅದೊಂದೇ ದಾರಿ. ಯೋಜನೆ ಮುಗಿದ ಮೇಲೆ ಡೇಟಾ ಸಾರ್ವಜನಿಕ ಭಂಡಾರಕ್ಕೆ ಹೋಗದಿದ್ದರೆ ಕೊನೆಯ ಕಂತಿನ ಅನುದಾನ ಬಿಡುಗಡೆಯಾಗಬಾರದು. ಹಳ್ಳದಲ್ಲಿ ನಡೆದವರ ಹೆಸರು ಪ್ರಬಂಧದಲ್ಲಿ ಇರಬೇಕು. ಮರ್ಯಾದೆಗಷ್ಟೇ ಅಲ್ಲ, ಮುಂದೆ ಯಾರಾದರೂ ಪ್ರಶ್ನೆ ಕೇಳಬೇಕಾದರೆ ಯಾರನ್ನು ಕೇಳಬೇಕು ಎಂದು ಗೊತ್ತಿರುವುದಕ್ಕೆ.

ಈ ಪತ್ರಿಕೆ ಓದುವವರಲ್ಲಿ ಅರ್ಧದಷ್ಟು ಜನ ಸಾಫ್ಟ್‌ವೇರಿನವರು. ಟೆಸ್ಟಿಂಗ್ ಮಾಡುತ್ತೀರಿ, ಡೇಟಾಬೇಸ್ ಕಟ್ಟುತ್ತೀರಿ, ಬೇರೆ ದೇಶದ ವಿಮಾ ಕಂಪನಿಯ ಒಂದು ದಶಮಾಂಶ ತಪ್ಪದಂತೆ ರಾತ್ರಿ ಪಾಳಿ ಮಾಡುತ್ತೀರಿ. ವರ್ಷಕ್ಕೆ ನಾಲ್ಕು ಸಲ ಸಹ್ಯಾದ್ರಿಗೆ ಟ್ರೆಕ್ಕಿಂಗ್ ಹೋಗಿ ಫೋಟೋ ಹಾಕುತ್ತೀರಿ. ಆ ನಾಲ್ಕರಲ್ಲಿ ಒಂದು ಶನಿವಾರವನ್ನು ಹತ್ತಿರದ ಯಾವುದಾದರೂ ಸಂಶೋಧನಾ ತಂಡದ ಹಾಳೆಗಳಿಗೆ ಕೊಡಿ. ನಿಮಗೆ ಅರ್ಧ ದಿನದ ಕೆಲಸ, ಅವರಿಗೆ ಅರ್ಧ ವರ್ಷದ್ದು. ವಿದ್ಯಾರ್ಥಿಗಳಾಗಿದ್ದರೆ, ನಿಮ್ಮ ಮಾರ್ಗದರ್ಶಕರು ತೋರಿಸುವ ಗ್ರಾಫಿನ ಹಿಂದಿನ ಹಾಳೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲೇ ಉತ್ತರ ಸಿಕ್ಕಿತು. ಕವಿಗಳಾಗಿದ್ದರೆ, ಮಳೆಗಾಲದ ಕಪ್ಪೆಯ ಮೇಲೆ ಪದ್ಯ ಬರೆಯಿರಿ, ಬೇಡ ಎನ್ನುವುದಿಲ್ಲ. ಕೆಳಗೆ ಊರಿನ ಹೆಸರು, ತಾರೀಖು ಬರೆಯಿರಿ. ಆ ರಾತ್ರಿ ಕಪ್ಪೆ ಕೂಗದಿದ್ದರೆ ಅದನ್ನೂ ಬರೆಯಿರಿ.